ಪಿರಿಯಾಪಟ್ಟಣದ ಸೆರೆಯಾಳು: ದೊಡ್ಡ ವೀರರಾಜೇಂದ್ರನ ಬದುಕು ಮತ್ತು ಒಂದು ಹೆಬ್ಬಾಗಿಲಿನ ಕತೆ

ಮೈಸೂರಿನಿಂದ ಮಡಿಕೇರಿಗೆ ಹೊರಟ ಪ್ರಯಾಣಿಕನು ಹುಣಸೂರಿನಲ್ಲಿ ಲಕ್ಷ್ಮಣತೀರ್ಥವನ್ನು ದಾಟುತ್ತಿದ್ದಂತೆ ನೆಲದ ಬಣ್ಣವೂ ಗಾಳಿಯ ಗುಣವೂ ಬದಲಾಗತೊಡಗುತ್ತವೆ. ರಾಗಿ ಹೊಲಗಳ ನಡುವೆ ಹೊಗೆಸೊಪ್ಪಿನ ಬ್ಯಾರನ್‌ಗಳು ತಲೆಯೆತ್ತುತ್ತವೆ. ಬಲಕ್ಕೆ ಬೆಟ್ಟದಪುರದ ಬೆಟ್ಟ, ಎಡಕ್ಕೆ ದೂರದಲ್ಲಿ ನಾಗರಹೊಳೆಯ ಕಾಡು, ಎದುರಿಗೆ ಕೊಡಗಿನ ನೀಲಿ ಪರ್ವತಶ್ರೇಣಿ. ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಈ ಹೊಸ್ತಿಲಿನಲ್ಲಿ, ಮೈಸೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಪಿರಿಯಾಪಟ್ಟಣವಿದೆ.

ಇಂದು ಅದೊಂದು ತಾಲ್ಲೂಕು ಕೇಂದ್ರ. ಹೊಗೆಸೊಪ್ಪಿನ ಬೆಲೆಯ ಚರ್ಚೆ, ಮಸಣಿಕಮ್ಮ ದೇವಿಯ ಜಾತ್ರೆ, ಕುಶಾಲನಗರದ ಕಡೆಗೆ ಧಾವಿಸುವ ಬಸ್ಸುಗಳು, ಇವೇ ಊರಿನ ದಿನಚರಿ. ಆದರೆ ಊರಿನ ಅಂಚಿನಲ್ಲಿ ಅಳಿದುಳಿದ ಕೋಟೆಯ ಅವಶೇಷಗಳು ಬೇರೊಂದು ಕಾಲವನ್ನು ನೆನಪಿಸುತ್ತವೆ. ಆ ಕೋಟೆಯೊಳಗೆ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಒಬ್ಬ ರಾಜಕುಮಾರನು ವರ್ಷಗಟ್ಟಲೆ ಸೆರೆಯಲ್ಲಿದ್ದನು. ಅವನು ತಪ್ಪಿಸಿಕೊಂಡು ಹೋದ ಬಳಿಕ ಕೊಡಗಿನ ಇತಿಹಾಸ ಮಾತ್ರವಲ್ಲ, ಮೈಸೂರಿನ ಇತಿಹಾಸವೂ ಬೇರೆ ದಾರಿ ಹಿಡಿಯಿತು. ಅವನೇ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ.

ಎರಡು ಸೀಮೆಗಳ ನಡುವಿನ ಊರು

ವೀರರಾಜೇಂದ್ರನ ಬದುಕನ್ನು ಅರಿಯಬೇಕಾದರೆ ಮೊದಲು ಈ ನೆಲವನ್ನು ಅರಿಯಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಮೈಸೂರು ಜಿಲ್ಲೆಯ ಪಶ್ಚಿಮದ ಪಟ್ಟಿ. ಪಿರಿಯಾಪಟ್ಟಣದ ಗಡಿಯನ್ನು ತಾಗಿ ಹರಿಯುವ ಕಾವೇರಿ ಮುಂದೆ ಚುಂಚನಕಟ್ಟೆಯಲ್ಲಿ ಧುಮುಕುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥವು ಹುಣಸೂರನ್ನು ಹಾದು ಬಂದು ಕಾವೇರಿಯನ್ನು ಸೇರುತ್ತದೆ. ದಕ್ಷಿಣದ ಹೆಗ್ಗಡದೇವನಕೋಟೆಯಲ್ಲಿ ಕಪಿಲೆಯದೇ ಆಳ್ವಿಕೆ. ಈ ಎಲ್ಲ ನೀರೂ ಪಶ್ಚಿಮದ ಮಲೆಗಳಿಂದ ಇಳಿದು ಬರುವಂಥದ್ದು. ನೀರು ಇಳಿದು ಬಂದ ದಾರಿಯಲ್ಲೇ ಬೆಟ್ಟದ ಅರಸರು ಬಯಲಿಗಿಳಿದರು, ಬಯಲಿನ ದಂಡುಗಳು ಬೆಟ್ಟವನ್ನೇರಿದವು.

ಈ ದಾರಿಯ ಬಾಗಿಲೇ ಪಿರಿಯಾಪಟ್ಟಣ. ಹಿಂದೆ ಇದನ್ನು ಆಳುತ್ತಿದ್ದವರು ಚೆಂಗಾಳ್ವರು. ಪಿರಿಯರಾಜನೆಂಬ ಚೆಂಗಾಳ್ವ ಅರಸನು ಹದಿನಾರನೆಯ ಶತಮಾನದ ಕೊನೆಯ ವೇಳೆಗೆ ಇಲ್ಲಿ ಕಲ್ಲಿನ ಕೋಟೆಯನ್ನು ಕಟ್ಟಿಸಿದನೆಂದೂ ಊರಿಗೆ ಅವನ ಹೆಸರೇ ನಿಂತಿತೆಂದೂ ಹೇಳಲಾಗುತ್ತದೆ. 1644ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಈ ಕೋಟೆಯನ್ನು ಮುತ್ತಿತು. ಸೋಲು ನಿಶ್ಚಿತವೆಂದು ಕಂಡಾಗ ಇಲ್ಲಿನ ಅರಸನು ತನ್ನ ಹೆಂಡತಿ ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿಡಿದು ಹೊರಬಂದು ಹೋರಾಡುತ್ತ ಮಡಿದನೆಂಬುದು ಹಳೆಯ ಗೆಜೆಟಿಯರುಗಳಲ್ಲಿ ದಾಖಲಾಗಿರುವ ಕತೆ. ಅಂದಿನಿಂದ ಪಿರಿಯಾಪಟ್ಟಣವು ಕೊಡಗಿನ ಎದುರು ಮೈಸೂರಿನ ಕಾವಲು ಠಾಣೆಯಾಯಿತು. ಅದೇ ಹೊತ್ತಿಗೆ ಪಶ್ಚಿಮದ ಬೆಟ್ಟಗಳಲ್ಲಿ ಇಕ್ಕೇರಿ ಮೂಲದ ಹಾಲೇರಿ ವಂಶ ಬೇರೂರುತ್ತಿತ್ತು. 1681ರಲ್ಲಿ ಮುದ್ದುರಾಜನು ಆ ವಂಶದ ರಾಜಧಾನಿಯನ್ನು ಮಡಿಕೇರಿಗೆ ಸಾಗಿಸಿದನು.

ತಂದೆ ಕರೆದ ನೆರವು

ವೀರರಾಜೇಂದ್ರನ ತಂದೆ ಲಿಂಗರಾಜ. 1770ರ ದಶಕದ ಮೊದಲ ಭಾಗದಲ್ಲಿ ಹಾಲೇರಿ ಮತ್ತು ಹೊರಮಲೆ ಎಂಬ ಎರಡು ಶಾಖೆಗಳ ನಡುವೆ ಕೊಡಗಿನ ಸಿಂಹಾಸನಕ್ಕಾಗಿ ಜಗಳ ಹುಟ್ಟಿತು. ಲಿಂಗರಾಜನು ನೆರವು ಬೇಡಿ ಹೋದದ್ದು ಶ್ರೀರಂಗಪಟ್ಟಣಕ್ಕೆ, ಹೈದರಾಲಿಯ ಬಳಿಗೆ. ಹೈದರನ ದಂಡು ಬಂದಿತು, ಪ್ರತಿಸ್ಪರ್ಧಿ ನಿರ್ಮೂಲವಾದನು, ಲಿಂಗರಾಜನಿಗೆ ಪಟ್ಟ ದೊರೆಯಿತು. ಆದರೆ ಆ ಪಟ್ಟದೊಡನೆ ಕಪ್ಪವೂ ಬಂದಿತು. ಮನೆಯ ಜಗಳಕ್ಕೆ ಹೊರಗಿನವರನ್ನು ಕರೆದವನು ಮನೆಯ ಬಾಗಿಲನ್ನು ಮತ್ತೆ ಮುಚ್ಚಲಾರನೆಂಬುದು ಲಿಂಗರಾಜನ ಕಾಲದಲ್ಲೇ ಸ್ಪಷ್ಟವಾಗಿತ್ತು.

1780ರಲ್ಲಿ ಲಿಂಗರಾಜ ತೀರಿಕೊಂಡನು. ಮಕ್ಕಳಿನ್ನೂ ಎಳೆಯರು. ಅವರು ಪ್ರಾಯಕ್ಕೆ ಬರುವವರೆಗೆ ತಾನೇ ಪಾಲಕನೆಂದು ಹೈದರಾಲಿ ಕೊಡಗಿನ ಆಡಳಿತವನ್ನು ಕೈಗೆತ್ತಿಕೊಂಡನು. ವೀರರಾಜ ಮತ್ತು ಅವನ ಇಬ್ಬರು ತಮ್ಮಂದಿರಾದ ಅಪ್ಪಾಜಿ ಹಾಗೂ ಲಿಂಗರಾಜರನ್ನು ಹೇಮಾವತಿ ತೀರದ ಗೊರೂರಿನ ಕೋಟೆಗೆ ಕಳುಹಿಸಲಾಯಿತು. ಪಾಲನೆಯೆಂದು ಆರಂಭವಾದದ್ದು ಸೆರೆಯಾಗಿ ಪರಿಣಮಿಸಿತು.

1782ರಲ್ಲಿ ಕೊಡವರು ದಂಗೆಯೆದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡು ಟಿಪ್ಪು ಸುಲ್ತಾನನು ಅಧಿಕಾರಕ್ಕೆ ಬಂದನು. ಗೊರೂರಿನಲ್ಲಿದ್ದ ಅರಸುಮಕ್ಕಳನ್ನು ಪಿರಿಯಾಪಟ್ಟಣದ ಕೋಟೆಗೆ ತಂದಿರಿಸಲಾಯಿತು. ತಾಯಿನಾಡಿನ ಬೆಟ್ಟಗಳು ಅಲ್ಲಿಂದ ಕಣ್ಣಿಗೆ ಕಾಣುವಷ್ಟು ಹತ್ತಿರ, ಕಾಲಿಗೆ ಎಟುಕದಷ್ಟು ದೂರ.

ಕೋಟೆಯೊಳಗಿನ ವರ್ಷಗಳು

ಆ ವರ್ಷಗಳು ಕೊಡಗಿಗೆ ಕಠಿಣವಾದವು. 1785ರಲ್ಲಿ ಮತ್ತೆ ದಂಗೆ ಹೊತ್ತಿಕೊಂಡಿತು. ಟಿಪ್ಪು ಸ್ವತಃ ದಂಡೆತ್ತಿ ಬಂದು ಅದನ್ನು ಅಡಗಿಸಿದನು. ಸಾವಿರಾರು ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆ ಎಷ್ಟೆಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಊರುಗಳು ಬರಿದಾದುದೂ ಮನೆತನಗಳು ಚದುರಿದುದೂ ಕೊಡಗಿನ ಸಾಮೂಹಿಕ ನೆನಪಿನಿಂದ ಅಳಿದಿಲ್ಲ.

ಆ ಕಾಲದಲ್ಲಿ ಟಿಪ್ಪುವಿನ ದೃಷ್ಟಿ ಬಹುದೂರ ಹರಿದಿತ್ತು. ಇಂಗ್ಲಿಷರ ವಿರುದ್ಧ ಮಿತ್ರರನ್ನು ಅರಸಿ 1786ರಲ್ಲಿ ಅವನ ರಾಯಭಾರಿಗಳು ಆಟೊಮನ್ ಸುಲ್ತಾನನ ಇಸ್ತಾಂಬುಲ್‌ಗೆ ಹೊರಟರು. 1788ರ ಆಗಸ್ಟ್‌ನಲ್ಲಿ ಮತ್ತೊಂದು ನಿಯೋಗವು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ವರ್ಸೇಲ್ಸ್ ಅರಮನೆಯಲ್ಲಿ ಕಂಡಿತು. ಎರಡೂ ಕಡೆ ಸೇನೆಯ ನೆರವು ದೊರೆಯಲಿಲ್ಲ. ಅತ್ತ ಸಾಗರದಾಚೆಯ ಬಾಗಿಲುಗಳನ್ನು ತಟ್ಟುತ್ತಿದ್ದಾಗ, ಇತ್ತ ರಾಜಧಾನಿಯಿಂದ ಕೆಲವು ದಿನಗಳ ನಡಿಗೆಯಷ್ಟು ದೂರದ ಪಿರಿಯಾಪಟ್ಟಣದಲ್ಲಿ ಒಂದು ಬಾಗಿಲು ಸಡಿಲಗೊಳ್ಳುತ್ತಿತ್ತು.

1788ರ ಡಿಸೆಂಬರ್ ತಿಂಗಳು. ಕೆಲವು ನಂಬಿಗಸ್ತ ಕೊಡವರ ಸಹಾಯದಿಂದ ವೀರರಾಜನು ಹೆಂಡತಿಯೊಡನೆ, ಇಬ್ಬರು ತಮ್ಮಂದಿರೊಡನೆ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡನು. ತಂದೆಯ ಮರಣದಿಂದ ಲೆಕ್ಕ ಹಾಕಿದರೆ ಅದು ಎಂಟು ವರ್ಷಗಳ ಬಂಧನ. ಬಾಲಕನಾಗಿ ಒಳಹೊಕ್ಕವನು ಯುವಕನಾಗಿ ಹೊರಬಂದಿದ್ದನು. ಅವನು ಸೇರಿದ್ದು ದಕ್ಷಿಣ ಕೊಡಗಿನ ಕಿಗ್ಗಟ್ಟುನಾಡಿನ ಕುರ್ಚಿಯನ್ನು. ಅದು ಲಕ್ಷ್ಮಣತೀರ್ಥ ಹುಟ್ಟುವ ಬ್ರಹ್ಮಗಿರಿಯ ಮಡಿಲು.

ಬಿಡುಗಡೆಯ ಸಂತಸ ಹೆಚ್ಚು ಕಾಲ ಉಳಿಯಲಿಲ್ಲ. ನೆರೆಯ ಮಲಬಾರಿನ ಕೊಟ್ಟಯಂ ಅರಸನು ಅವನನ್ನು ಹಿಡಿದಿಟ್ಟು, ನಾಡಿನ ಒಂದು ಭಾಗವನ್ನು ಬಿಟ್ಟುಕೊಡುವಂತೆ ಪತ್ರ ಬರೆಸಿಕೊಂಡನು. ಒಂದು ಸೆರೆಯಿಂದ ಹೊರಬಂದವನಿಗೆ ಇನ್ನೊಂದು ಸೆರೆ ಕಾದಿತ್ತು. ಕೊಡಗಿಗೆ ಮರಳಿ ಜನರನ್ನು ಒಗ್ಗೂಡಿಸಿದ ಮೇಲೆ, ಆ ನೆಲವನ್ನು ವಶಪಡಿಸಿಕೊಳ್ಳಲು ಬಂದ ಕೊಟ್ಟಯಂ ದಂಡನ್ನು ವೀರರಾಜನು ಹಿಮ್ಮೆಟ್ಟಿಸಿದನು. ಬಲವಂತದ ಒಪ್ಪಂದ ಅಲ್ಲಿಗೇ ಮುಗಿಯಿತು.

ಋಣ ತೀರಿಸಿದ ಕತೆ

ಮುಂದಿನ ಎರಡು ವರ್ಷ ಅವನು ನಡೆಸಿದ್ದು ಕಾಡಿನ ಯುದ್ಧ. ಕುಶಾಲನಗರ, ಬೇಪುನಾಡು, ಭಾಗಮಂಡಲ, ಮಡಿಕೇರಿಗಳಲ್ಲಿದ್ದ ಮೈಸೂರಿನ ಠಾಣೆಗಳ ಮೇಲೆ ಕೊಡವರು ಎರಗಿದರು. ಬಯಲಿನಿಂದ ಬರುತ್ತಿದ್ದ ಸಾಮಗ್ರಿಯನ್ನು ತಡೆದರು, ಗಡಿಯಾಚೆಯ ಊರುಗಳಿಂದ ದನ ಧಾನ್ಯಗಳನ್ನು ಹೊಡೆದು ತಂದರು. ಈ ದಾಳಿಗಳಲ್ಲಿ ನೊಂದವರು ಕೇವಲ ಸೈನಿಕರಲ್ಲ, ಗಡಿನಾಡಿನ ರೈತರೂ ಹೌದು. ಒಂದೊಂದಾಗಿ ಠಾಣೆಗಳು ಬಿದ್ದು ಕೊನೆಗೆ ಮಡಿಕೇರಿಯ ಕೋಟೆ ಮಾತ್ರ ಉಳಿಯಿತು.

ಹಸಿವಿನಿಂದ ಕಂಗೆಟ್ಟ ಆ ಕೋಟೆಗೆ ಸಾಮಗ್ರಿ ತಲುಪಿಸಲು ಟಿಪ್ಪು ಕಳುಹಿಸಿದ ದಂಡಿನ ನಾಯಕನು ಖಾದರ್ ಖಾನ್. ವೀರರಾಜನ ಜನ ಅವನನ್ನು ಕಣಿವೆಯಲ್ಲಿ ಸುತ್ತುವರಿದರು. ಒಂದು ಸನ್ನೆ ಸಾಕಿತ್ತು, ದಂಡು ಪೂರ್ಣ ನಾಶವಾಗುತ್ತಿತ್ತು. ಆದರೆ ಈ ಖಾದರ್ ಖಾನನೇ ಹಿಂದೆ ಪಿರಿಯಾಪಟ್ಟಣದ ಸೆರೆಯ ದಿನಗಳಲ್ಲಿ ವೀರರಾಜನ ಮನೆತನದ ಮಾನವನ್ನು ಕಾಪಾಡಿದವನಾಗಿದ್ದನು. ಆ ಉಪಕಾರವನ್ನು ನೆನೆದ ವೀರರಾಜನು ಅವನನ್ನು ಕೊಲ್ಲಲಿಲ್ಲ. ಸಾಮಗ್ರಿಯೊಡನೆ ಮಡಿಕೇರಿಗೆ ಹೋಗಿ ಬರಲು ಬಿಟ್ಟನು. ಮುಂದೆ ಕೋಟೆಯು ಶರಣಾದಾಗ ಅಲ್ಲಿದ್ದ ದಂಡನ್ನೂ ಜೀವಸಹಿತ ಕಳುಹಿಸಿಕೊಟ್ಟನು. ಯುದ್ಧದ ಲೆಕ್ಕಾಚಾರಕ್ಕೆ ಇದು ಹೊಂದದ ನಡೆ. ಆದ್ದರಿಂದಲೇ ಇಂಗ್ಲಿಷ್ ಇತಿಹಾಸಕಾರರು ಈ ಪ್ರಸಂಗವನ್ನು ವಿಶೇಷವಾಗಿ ದಾಖಲಿಸಿದರು. ದ್ವೇಷವನ್ನು ಕಲಿಸಿದ ಪಿರಿಯಾಪಟ್ಟಣವೇ ಅವನಿಗೆ ಕೃತಜ್ಞತೆಯನ್ನೂ ಕಲಿಸಿತ್ತು.

ಮಗ ಕರೆದ ನೆರವು

ಕೊಡಗು ಕೈಸೇರಿತಾದರೂ ಅದನ್ನು ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಟಿಪ್ಪುವಿನ ಮಹಾಸೇನೆ ಮತ್ತೆ ಬರುವುದೆಂಬ ಭಯ ಸದಾ ಇತ್ತು. ತಂದೆ ಹೈದರನ ಬಳಿಗೆ ಹೋದಂತೆಯೇ ಮಗನು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯತ್ತ ತಿರುಗಿದನು. 1790ರ ಅಕ್ಟೋಬರಿನಲ್ಲಿ ತಲಚೇರಿಯ ಕಂಪನಿ ಅಧಿಕಾರಿಗಳೊಡನೆ ಮೈತ್ರಿಯ ಒಪ್ಪಂದವಾಯಿತು. ಕಂಪನಿಗೆ ಇದರಿಂದಾದ ಲಾಭ ಅಪಾರ. ಮಲಬಾರ್ ತೀರದಿಂದ ಶ್ರೀರಂಗಪಟ್ಟಣಕ್ಕೆ ಹೋಗಲು ಘಟ್ಟದ ಮೇಲೆ ಮಿತ್ರನೊಬ್ಬನ ನಾಡಿನ ಮೂಲಕ ದಾರಿ ತೆರೆದಂತಾಯಿತು. ಆ ದಾರಿ ಬಯಲಿಗಿಳಿಯುವುದು ಪಿರಿಯಾಪಟ್ಟಣದ ಸೀಮೆಯಲ್ಲಿ.

1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೇನೆ ಕೊಡಗನ್ನು ಹಾದು ಪಿರಿಯಾಪಟ್ಟಣದವರೆಗೆ ಬಂದಿತು. ಶತ್ರುವಿಗೆ ಆಸರೆಯಾಗಬಾರದೆಂದು ಟಿಪ್ಪು ಅದಕ್ಕೆ ಮೊದಲೇ ಕೋಟೆಯನ್ನು ಕೆಡವಿಸಿದ್ದನು. ವೀರರಾಜನನ್ನು ಬಂಧಿಸಿಟ್ಟ ಗೋಡೆಗಳು ಅವನ ಮಿತ್ರರ ಭಯದಿಂದಲೇ ಉರುಳಿದವು. ಆದರೆ ಆ ವರ್ಷ ಮಳೆ, ಕಾಯಿಲೆ ಮತ್ತು ಆಹಾರದ ಕೊರತೆಯಿಂದ ಲಾರ್ಡ್ ಕಾರ್ನ್‌ವಾಲಿಸ್‌ನ ಮುಖ್ಯ ಸೇನೆ ಶ್ರೀರಂಗಪಟ್ಟಣದ ಬಳಿಯಿಂದ ಹಿಂದೆಗೆಯಬೇಕಾಯಿತು. ಅಬರ್‌ಕ್ರಾಂಬಿಯೂ ಭಾರಿ ತೋಪುಗಳನ್ನು ತೊರೆದು ಘಟ್ಟದತ್ತ ಮರಳಿದನು. ಈ ಸೀಮೆಯ ಮುಂಗಾರನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣದು.

ಮರುವರ್ಷ ಸೇನೆಗಳು ಮತ್ತೆ ಬಂದವು. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ದಾಳಿಯ ಗೊಂದಲದಲ್ಲಿ, ಅಲ್ಲಿಗೆ ಒಯ್ಯಲ್ಪಟ್ಟಿದ್ದ ಕೊಡಗಿನ ಜನರಲ್ಲಿ ಸಾವಿರಾರು ಮಂದಿ ತಪ್ಪಿಸಿಕೊಂಡು ಪಶ್ಚಿಮದ ದಾರಿ ಹಿಡಿದು ತಮ್ಮ ಊರುಗಳಿಗೆ ಮರಳಿದರು. ಮೂರು ವರ್ಷಗಳ ಹಿಂದೆ ಅವರ ಅರಸನು ಪಡೆದುಕೊಂಡ ಬಿಡುಗಡೆ ಈಗ ಅವರಿಗೂ ಲಭಿಸಿತು. ಯುದ್ಧಾನಂತರದ ಒಪ್ಪಂದದಂತೆ ಕೊಡಗು ಮೈಸೂರಿನ ಹಿಡಿತದಿಂದ ಹೊರಬಂದು ಕಂಪನಿಯ ರಕ್ಷಣೆಗೆ ಒಳಪಟ್ಟಿತು. ಕಪ್ಪ ಮಾತ್ರ ತಪ್ಪಲಿಲ್ಲ. ಅದು ಸಲ್ಲಬೇಕಾದ ವಿಳಾಸವಷ್ಟೇ ಬದಲಾಯಿತು.

ಅದೇ ವರ್ಷ ವೀರರಾಜನು ತನ್ನ ಹೆಸರಿನಲ್ಲಿ ವೀರರಾಜೇಂದ್ರಪೇಟೆಯನ್ನು ಸ್ಥಾಪಿಸಿದನು. ಅದೇ ಇಂದಿನ ವಿರಾಜಪೇಟೆ. ತಡಿಯಂಡಮೋಳ್ ಶಿಖರದ ಬುಡದಲ್ಲಿ, ಯವಕಪಾಡಿಯ ದಟ್ಟ ಕಾಡಿನ ನಡುವೆ ನಾಲ್ಕುನಾಡು ಅರಮನೆ ಎದ್ದದ್ದೂ ಆ ವರ್ಷಗಳಲ್ಲೇ. ಬಯಲಿಗೆ ಸಮೀಪದ ಸ್ಥಳವನ್ನು ಬಿಟ್ಟು, ಯಾರೂ ಸುಲಭವಾಗಿ ತಲುಪಲಾರದ ಮೂಲೆಯಲ್ಲಿ ಅರಮನೆ ಕಟ್ಟಿಸಿದ ಅರಸನ ಮನಸ್ಸಿನಲ್ಲಿ ಪಿರಿಯಾಪಟ್ಟಣದ ನೆನಪು ಎಷ್ಟು ಆಳವಾಗಿತ್ತೆಂಬುದನ್ನು ಊಹಿಸಬಹುದು.

ಸಿದ್ದೇಶ್ವರದ ಬೆಟ್ಟದಿಂದ ಕಂಡ ಡೇರೆಗಳು

1799ರಲ್ಲಿ ಕೊನೆಯ ಯುದ್ಧ ಆರಂಭವಾಯಿತು. ಜನರಲ್ ಸ್ಟುವರ್ಟ್‌ನ ಬೊಂಬಾಯಿ ಸೇನೆ ಮತ್ತೆ ಕೊಡಗಿನ ದಾರಿಯಾಗಿ ಬಂದು ಪಿರಿಯಾಪಟ್ಟಣದ ಪಶ್ಚಿಮಕ್ಕಿರುವ ಗಡಿಯ ಕಾಡಿನಲ್ಲಿ ಬೀಡುಬಿಟ್ಟಿತು. ಮಾರ್ಚ್ 5ರಂದು ಸಿದ್ದೇಶ್ವರದ ಬೆಟ್ಟದ ಮೇಲಿನಿಂದ ನೋಡಿದವರಿಗೆ ಪಿರಿಯಾಪಟ್ಟಣದ ಬಯಲಿನಲ್ಲಿ ಸಾಲುಸಾಲಾಗಿ ಡೇರೆಗಳು ಕಾಣಿಸಿದವು. ಅವುಗಳ ನಡುವೆ ಹಸುರು ಬಣ್ಣದ ದೊಡ್ಡ ಡೇರೆಯೊಂದಿತ್ತು. ಟಿಪ್ಪು ಸ್ವತಃ ಬಂದಿದ್ದನು.

ಮರುದಿನ ಬೆಳಿಗ್ಗೆ ಮೈಸೂರು ಸೇನೆ ಕಾಡಿನೊಳಗಿಂದ ನುಗ್ಗಿ ಕಂಪನಿಯ ಮುಂದಿನ ದಳವನ್ನು ಎರಡೂ ಕಡೆಯಿಂದ ಸುತ್ತುವರಿಯಿತು. ಮಾಂಟ್ರೆಸರ್‌ನ ಅಧೀನದಲ್ಲಿದ್ದ ಮೂರು ಸಿಪಾಯಿ ಪಟಾಲಮ್‌ಗಳು ಮಧ್ಯಾಹ್ನದವರೆಗೆ ಕಾದಾಡಿದವು. ಹಿಂದಿನಿಂದ ಸ್ಟುವರ್ಟ್‌ನ ನೆರವು ಬಂದ ಮೇಲೆ ಮೈಸೂರು ಸೇನೆ ಹಿಮ್ಮೆಟ್ಟಿತು. ಬೆಂಕಿ ನವಾಬನೆಂದು ಹೆಸರಾಗಿದ್ದ ಟಿಪ್ಪುವಿನ ಸೇನಾನಿ ಮಹಮ್ಮದ್ ರಜಾ ಅಲ್ಲಿ ಮಡಿದನು. ಹಿಂದೊಮ್ಮೆ ತಾನು ಸೆರೆಯಿದ್ದ ಊರಿನ ಅಂಚಿನಲ್ಲಿ, ತನ್ನನ್ನು ಸೆರೆಯಿಟ್ಟ ದೊರೆಯ ಸೋಲನ್ನು ವೀರರಾಜೇಂದ್ರನು ಕಂಡನು. ಎರಡು ತಿಂಗಳೊಳಗೆ, ಮೇ 4ರಂದು, ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ರಣದಲ್ಲಿ ಮಡಿದನು.

ಯುದ್ಧಕ್ಕಾಗಿ ಅಕ್ಕಿ, ದನಕರು, ಆಳುಗಳನ್ನು ಒದಗಿಸಿದ ವೀರರಾಜನಿಗೆ ಕಂಪನಿ ಕೃತಜ್ಞತೆ ತೋರಿಸಿತು. ವಾರ್ಷಿಕ ಕಪ್ಪದ ಬದಲು ವರ್ಷಕ್ಕೊಂದು ಆನೆಯನ್ನು ಕೊಟ್ಟರೆ ಸಾಕೆಂದಾಯಿತು. ದಕ್ಷಿಣ ಕನ್ನಡದ ಪಂಜ ಮತ್ತು ಬೆಳ್ಳಾರೆ ಸೀಮೆಗಳು ಕೊಡಗಿಗೆ ಸೇರಿದವು. ಪಿರಿಯಾಪಟ್ಟಣವು ಮಾತ್ರ ಮೈಸೂರಿನಲ್ಲೇ ಉಳಿಯಿತು.

ಮತ್ತೊಂದು ಸೆರೆ

ಗೆಲುವಿನ ನಂತರದ ಹತ್ತು ವರ್ಷಗಳು ವೀರರಾಜೇಂದ್ರನ ಬದುಕಿನ ಬಹಳ ನೋವಿನ ಅಧ್ಯಾಯ. ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಿಸಬೇಕೆಂಬ ಆಸೆ ಅವನಿಗಿತ್ತು. ಅದರ ಫಲವೇ 1633ರಿಂದ 1807ರವರೆಗಿನ ಘಟನೆಗಳನ್ನು ಒಳಗೊಂಡ ರಾಜೇಂದ್ರನಾಮೆ. ಕೊಡಗಿನ ಇತಿಹಾಸಕ್ಕೆ ಅದು ಇಂದಿಗೂ ಮೂಲ ಆಕರಗಳಲ್ಲೊಂದು. 1808ರಲ್ಲಿ ಅದು ಇಂಗ್ಲಿಷಿಗೂ ಅನುವಾದಗೊಂಡಿತು.

ಆದರೆ ಚರಿತ್ರೆ ಬರೆಯಿಸಿದ ಅರಸನಿಗೆ ಭವಿಷ್ಯದ ಚಿಂತೆ ಕಾಡುತ್ತಿತ್ತು. ರಾಣಿ ಮಹದೇವಮ್ಮಾಜಿಯಲ್ಲಿ ಹುಟ್ಟಿದ ನಾಲ್ವರೂ ಹೆಣ್ಣುಮಕ್ಕಳು. ಹಿರಿಯ ಮಗಳು ದೇವಮ್ಮಾಜಿಗೇ ಪಟ್ಟ ಸಲ್ಲಬೇಕೆಂದು ಅವನು ಕಂಪನಿಯನ್ನು ಕೇಳಿಕೊಂಡನು. 1807ರಲ್ಲಿ ರಾಣಿ ತೀರಿಕೊಂಡಳು. ಅಲ್ಲಿಂದಾಚೆಗೆ ಅವನ ಮನಸ್ಸು ಸ್ಥಿಮಿತ ಕಳೆದುಕೊಂಡಿತು. ಸುತ್ತಲಿನವರೆಲ್ಲ ತನ್ನನ್ನು ಕೊಲ್ಲಲು ಹೊಂಚುತ್ತಿದ್ದಾರೆಂಬ ಶಂಕೆ ಬೆಳೆಯಿತು. ಕೋಪದ ಆವೇಶದಲ್ಲಿ ಮರಣದಂಡನೆಯ ಆಜ್ಞೆಗಳು ಹೊರಟವು. ಆವೇಶ ಇಳಿದ ಮೇಲೆ ಪಶ್ಚಾತ್ತಾಪವೂ ಬಂದಿತು, ಹೋದ ಜೀವಗಳು ಮರಳಲಿಲ್ಲ. ಅವನನ್ನು ಕಾಪಾಡಿದ ಕೊಡಗಿನ ಮನೆತನಗಳವರೇ ಅವನಿಗೆ ಹೆದರಿ ಬಾಳುವಂತಾಯಿತು.

ಬಾಲ್ಯ ಯೌವನಗಳನ್ನು ಕಾವಲಿನವರ ನಡುವೆ ಕಳೆದವನಿಗೆ ಯಾರನ್ನು ನಂಬಬೇಕೆಂಬುದು ಕೊನೆಗೂ ತಿಳಿಯಲಿಲ್ಲವೇನೋ. ಅವನ ಕ್ರೌರ್ಯಕ್ಕೆ ಇದು ಸಮರ್ಥನೆಯಲ್ಲ. ಆದರೆ ಖಾದರ್ ಖಾನನ ಒಂದು ಉಪಕಾರವನ್ನು ಮರೆಯದವನೇ ತನ್ನವರ ನೂರು ಉಪಕಾರಗಳನ್ನು ಮರೆತದ್ದು ಹೇಗೆಂಬ ಪ್ರಶ್ನೆಯನ್ನು ಅವನ ಬದುಕು ಉಳಿಸಿ ಹೋಗಿದೆ.

1809ರ ಜೂನ್ 9ರಂದು ದೊಡ್ಡ ವೀರರಾಜೇಂದ್ರ ಕಾಲವಾದನು. ದೇವಮ್ಮಾಜಿಯ ಹೆಸರಿನಲ್ಲಿ ನಡೆದ ಆಡಳಿತ ಬಹುಕಾಲ ಬಾಳಲಿಲ್ಲ. ಪಿರಿಯಾಪಟ್ಟಣದಲ್ಲಿ ಅಣ್ಣನೊಡನೆ ಸೆರೆಯಿದ್ದು ಅಣ್ಣನೊಡನೆ ತಪ್ಪಿಸಿಕೊಂಡು ಬಂದಿದ್ದ ತಮ್ಮ ಲಿಂಗರಾಜೇಂದ್ರನೇ 1811ರಲ್ಲಿ ಅಣ್ಣನ ಮಗಳನ್ನು ಬದಿಗೆ ಸರಿಸಿ ಸಿಂಹಾಸನವನ್ನು ಏರಿದನು.

ತೆರೆದ ದಾರಿ ಮುಚ್ಚಲಿಲ್ಲ

ಮುಂದಿನ ಕತೆ ಚಿಕ್ಕದು. ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರನ ಕಾಲಕ್ಕೆ ಕಂಪನಿಗೆ ಕೊಡಗಿನ ಮೈತ್ರಿಯ ಅಗತ್ಯವಿರಲಿಲ್ಲ. ಎದುರಿಸಲು ಟಿಪ್ಪುವೇ ಇರಲಿಲ್ಲ. 1834ರ ಏಪ್ರಿಲ್‌ನಲ್ಲಿ ಕಂಪನಿಯ ದಳಗಳು ಹಲವು ದಿಕ್ಕಿನಿಂದ ಕೊಡಗನ್ನು ಪ್ರವೇಶಿಸಿದವು. ಅವುಗಳಲ್ಲೊಂದು ಮೈಸೂರಿನ ಕಡೆಯಿಂದ ಬಂದು ಕುಶಾಲನಗರದ ಬಳಿ ಕಾವೇರಿಯನ್ನು ದಾಟಿ ಮಡಿಕೇರಿಯನ್ನು ಸೇರಿತು. ಅರಸನು ಶರಣಾದನು, ಕೊಡಗು ಬ್ರಿಟಿಷ್ ಆಳ್ವಿಕೆಗೆ ಸೇರಿತು. ಕೊನೆಯ ದೊರೆ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ತಂದೆ ಕರೆದ ಹೈದರನು ಮಕ್ಕಳನ್ನು ಸೆರೆಯಾಗಿಸಿದ್ದನು. ಮಗ ಕರೆದ ಕಂಪನಿ ನಾಡನ್ನೇ ನುಂಗಿತು. 1790ರಲ್ಲಿ ವೀರರಾಜೇಂದ್ರನಿಗೆ ಬೇರೆ ದಾರಿಯಿತ್ತೇ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ತನ್ನ ಜನರನ್ನು ಸೆರೆಯಿಂದ ಬಿಡಿಸಲು ಅವನು ತೆತ್ತ ಬೆಲೆಯನ್ನು ಮುಂದಿನ ತಲೆಮಾರು ಪೂರ್ತಿಯಾಗಿ ಪಾವತಿಸಬೇಕಾಯಿತು.

ಮಡಿಕೇರಿಯ ಗದ್ದಿಗೆಯಲ್ಲಿ ವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯ ಸಮಾಧಿ ಇದೆ. ಮೇಲೆ ಗುಮ್ಮಟ, ಸುತ್ತ ಮಿನಾರುಗಳು, ಮೂಲೆಗಳಲ್ಲಿ ನಂದಿಯ ಮೂರ್ತಿಗಳು. ಬದುಕಿನುದ್ದಕ್ಕೂ ಶ್ರೀರಂಗಪಟ್ಟಣದ ಸುಲ್ತಾನನೊಡನೆ ಸೆಣಸಿದ ಲಿಂಗಾಯತ ಅರಸನು, ಶ್ರೀರಂಗಪಟ್ಟಣದ ಗುಂಬಜ್ ಅನ್ನು ನೆನಪಿಸುವ ಗುಮ್ಮಟದ ಕೆಳಗೆ ಮಲಗಿದ್ದಾನೆ.

ಪಿರಿಯಾಪಟ್ಟಣದಲ್ಲಿ ಅವನ ಹೆಸರಿಗಿಂತ ಅವನನ್ನು ಕೂಡಿಹಾಕಿದ ಕೋಟೆಯ ಅವಶೇಷವೇ ಹೆಚ್ಚು ಉಳಿದಿದೆ. ಕಾವೇರಿ ಈಗಲೂ ಗಡಿಯಲ್ಲಿ ಹರಿಯುತ್ತಾಳೆ. 1960ರ ದಶಕದ ಆರಂಭದಿಂದ ಇದೇ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ತಾಯ್ನಾಡನ್ನು ಕಳೆದುಕೊಂಡ ಟಿಬೆಟನ್ನರು ನೆಲೆಸಿದ್ದಾರೆ. ಒಂದು ಕಾಲದಲ್ಲಿ ಬೆಟ್ಟದ ಜನರನ್ನು ಸೆರೆಯಿಟ್ಟ ಸೀಮೆಯು ಇನ್ನೊಂದು ಬೆಟ್ಟದ ನಾಡಿನ ಜನರಿಗೆ ಆಶ್ರಯವಿತ್ತಿದೆ. ಸಂಜೆಯ ಹೊತ್ತು ಪಶ್ಚಿಮಕ್ಕೆ ನೋಡಿದರೆ ಕೊಡಗಿನ ಬೆಟ್ಟಗಳು ಅಂದಿನಂತೆಯೇ ನೀಲಿಯಾಗಿ ಕಾಣುತ್ತವೆ. ಎಂಟು ವರ್ಷಗಳ ಬಂಧನದ ಕೊನೆಗೆ ಯುವಕನೊಬ್ಬನು ಆ ನೀಲಿಯತ್ತ ಹೆಜ್ಜೆ ಹಾಕಿದ್ದು ಇಲ್ಲಿಂದಲೇ.